ಹೊಟ್ಟೆಹುಳಕ್ಕೆ ಬೆಲ್ಲ ಕಾರಣ ಅಲ್ಲ

ಬೆಲ್ಲದ ಡಬ್ಬಿಗೆ ಕೈ ಹಾಕಿದ್ರೆ ಸಾಕು, 'ಹೊಟ್ಟೇಲಿ ಹುಳ ಆಗುತ್ತೆ' ಅಂತ ಅಜ್ಜಿ ಗದರೋರು. ಪಾಪ, ಬೆಲ್ಲದ್ದೇನೂ ತಪ್ಪಿಲ್ಲ ಫ್ರೆಂಡ್ಸ್. ದುಂಡುಹುಳದ ಮೊಟ್ಟೆ ಬರೋದು ಮಲ ಬೆರೆತ ಮಣ್ಣಿಂದ. ತೊಳೆಯದ ಸೊಪ್ಪು, ಮಣ್ಣಾದ ಕೈ ಮೂಲಕ. ಕರುಳಲ್ಲಿ ಹೊರಬಂದ ಮರಿ ರಕ್ತದ ಜೊತೆ ಶ್ವಾಸಕೋಶ ಸೇರಿ, ಗಂಟಲಿಗೆ ಹತ್ತಿ, ನಾವೇ ನುಂಗಿದಾಗ ವಾಪಸ್ ಕರುಳಿಗೆ! ಅಲ್ಲಿ ಒಂದಡಿ ಉದ್ದ ಬೆಳೆಯಬಹುದು. ಹೆಣ್ಣುಹುಳ ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತೆ. ಹುಳ ತುಂಬಾ ಜಾಸ್ತಿಯಾದ್ರೆ ಕರುಳೇ ಕಟ್ಟಿಕೊಳ್ಳಬಹುದು.

ಶಾಲೆ, ಅಂಗನವಾಡೀಲಿ ಕೊಡೋ ಅಲ್ಬೆಂಡಜೋಲ್ ಮಾತ್ರೆ ಹೊಟ್ಟೆಯೊಳಗಿನ ಹುಳ ಕೊಲ್ಲುತ್ತೆ, ಮಣ್ಣಲ್ಲಿರೋ ಮೊಟ್ಟೆನಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ. ನಮ್ಮಕ್ಕನ ಮಗಳು ಅದನ್ನ ಕಂಪಾಸ್ ಬಾಕ್ಸಲ್ಲಿ ಬಚ್ಚಿಟ್ಟಿದ್ಳು. ನಿಮ್ಮನೆ ಮಕ್ಕಳ ಬಾಕ್ಸೂ ಒಮ್ಮೆ ನೋಡಿ.