ಸಿಇಟಿ ಅಂಕಕ್ಕೆ ರೋಗಿಯ ನರಳಾಟ ಕೇಳಿಸುತ್ತದೆಯೇ?

(ಕೋರದಲ್ಲಿ ಯುವಕರ ಸಭೆಯಲ್ಲಿ ಆಡಿದ ಮಾತು)



ನಾನು ಪಿಯುಸಿ ಓದಿ ಪ್ರೆಸ್ ನಡೆಸುವವನು. ನರ್ಸಿಂಗ್ ಬಗ್ಗೆ ನಿನಗೇನು ಗೊತ್ತು ಅನ್ನಬೇಡಿ. ರೋಗಿಯ ಪಕ್ಕ ರಾತ್ರಿಯಿಡೀ ಕೂತವನಿಗೆ ಒಂದಿಷ್ಟು ಗೊತ್ತಿರುತ್ತದೆ.

ನಮ್ಮವ್ವ ಆಸ್ಪತ್ರೆಯಲ್ಲಿದ್ದಾಗ ಒಂದು ರಾತ್ರಿ ‘ಎದೆ ಹಿಡ್ಕಂಡಂಗೈತೆ’ ಅಂದರು. ಡ್ಯೂಟಿಯಲ್ಲಿದ್ದ ಹುಡುಗಿಗೆ ಆ ಮಾತು ಅರ್ಥವಾಗಲಿಲ್ಲ. ಗ್ಯಾಸ್ ಮಾತ್ರೆ ಕೊಟ್ಟು ಹೋದಳು. ನಾನು ಕೂಗಾಡಿದ ಮೇಲೆ ಡಾಕ್ಟರು ಬಂದರು, ಅವ್ವ ಉಳಿದರು. ಆ ಹುಡುಗಿ ದಡ್ಡಿಯಲ್ಲ, ಎಲ್ಲಾ ಪರೀಕ್ಷೆ ಪಾಸಾದವಳೇ! ರೋಗಿಯ ಮಾತು ತಿಳಿಯುತ್ತದೆಯೇ ಎಂದು ಯಾವ ಪರೀಕ್ಷೆಯೂ ಅವಳನ್ನು ಕೇಳಿರಲಿಲ್ಲ, ಅಷ್ಟೇ.

2023ರಿಂದ ನಮ್ಮ ರಾಜ್ಯದಲ್ಲಿ ಬಿ.ಎಸ್ಸಿ. ನರ್ಸಿಂಗಿಗೂ ಸಿಇಟಿ ಬಂದಿದೆ. ಭಾರತೀಯ ನರ್ಸಿಂಗ್ ಪರಿಷತ್ತಿನ 2021ರ ನಿಯಮ ನೋಡಿ. ಪ್ರವೇಶ ಪರೀಕ್ಷೆಯ 100 ಅಂಕದಲ್ಲಿ ಭೌತ, ರಸಾಯನ, ಜೀವಶಾಸ್ತ್ರಕ್ಕೆ ತಲಾ 20, ಇಂಗ್ಲಿಷಿಗೆ 20, ನರ್ಸಿಂಗ್ ಅಭಿರುಚಿಗೆ 20. ರೋಗಿಯ ಭಾಷೆಗೆ? ಸೊನ್ನೆ!

ಪರೀಕ್ಷೆಯೇ ಬೇಡ ಎನ್ನುವವನಲ್ಲ ನಾನು. ಔಷಧಿಯ ಅಳತೆ ತಪ್ಪಿದರೆ ಜೀವ ಹೋಗುತ್ತದೆ, ವಿಜ್ಞಾನ ಬರಲೇಬೇಕು. ಅಮೆರಿಕದಲ್ಲೂ ಇಂಥ ಪ್ರವೇಶ ಪರೀಕ್ಷೆಗಳಿವೆ. ಅಲ್ಲಿನವರು ಕಂಡುಕೊಂಡದ್ದೇನು? ಹೆಚ್ಚು ಅಂಕ ತೆಗೆದವರು ಮೊದಲ ವರ್ಷದ ಲಿಖಿತ ಪರೀಕ್ಷೆಯನ್ನು ಸಾಮಾನ್ಯವಾಗಿ ಚೆನ್ನಾಗಿ ಬರೆಯುತ್ತಾರೆ. ವಾರ್ಡಿನ ಕೆಲಸ ಹೇಗೆ ಮಾಡುತ್ತಾರೆಂದು ಆ ಅಂಕ ಅಷ್ಟಾಗಿ ಹೇಳದು.

ಪ್ರೆಸ್ಸಿಗೆ ಡಿಟಿಪಿ ಕೆಲಸ ಕೇಳಿ ಬಂದವರಿಗೆ ನಾನೂ ಒಂದು ಪುಟ ಟೈಪ್ ಮಾಡಿಸುತ್ತೇನೆ. ಬೆರಳಿನ ವೇಗ ಗೊತ್ತಾಗುತ್ತದೆ. ಲಗ್ನಪತ್ರಿಕೆಯಲ್ಲಿ ವಾರ ತಪ್ಪಿರುವುದನ್ನು ಕಂಡು ರಾತ್ರಿ ಹತ್ತಕ್ಕೂ ಫೋನ್ ಮಾಡಿ ಕೇಳುವವನು ಯಾರು? ಅದು ಗೊತ್ತಾಗಲು ಮೂರು ತಿಂಗಳು ಬೇಕು.

ನಮ್ಮ ಕೋರದ ಮಕ್ಕಳ ಪಾಡು ನೋಡಿ. ಹತ್ತನೇ ತರಗತಿವರೆಗೆ ‘ಅಪಧಮನಿ’ ಎಂದು ಕಲಿತವಳು ಪಿಯುಸಿಯಲ್ಲಿ ‘ಆರ್ಟರಿ’ ಕೇಳಿ ತಬ್ಬಿಬ್ಬಾಗುತ್ತಾಳೆ. ರಕ್ತ ಅದೇ, ನಾಳ ಅದೇ, ಹೆಸರು ಬೇರೆ! ಅಂಕ ಕಡಿಮೆಯಾದರೆ ದಡ್ಡಿ ಎಂಬ ಪಟ್ಟ. ಅಜ್ಜಿಯ ನರಳಾಟ ಅರ್ಥವಾಗುವ ಹುಡುಗಿ ಹೊರಗೆ ಉಳಿಯುತ್ತಾಳೆ. ಇದು ನ್ಯಾಯವೇ?

ನರ್ಸಿಂಗ್ ಪ್ರವೇಶದಲ್ಲಿ ರೋಗಿಯೊಡನೆ ಕನ್ನಡದಲ್ಲಿ ಮಾತಾಡಿಸಿ ನೋಡುವ ಪರೀಕ್ಷೆಯೂ ಇರಲಿ. ಕನ್ನಡ ಬಾರದವರಿಗೆ ವಾರ್ಡಿಗೆ ಕಳಿಸುವ ಮುಂಚೆ ಕನ್ನಡ ಕಲಿಸಲಿ. ಇದನ್ನು ಸರ್ಕಾರದಿಂದ ಕೇಳೋಣ, ಗಟ್ಟಿಯಾಗಿ ಕೇಳೋಣ.

ಬರೀ ಘೋಷಣೆ ಕೂಗಿದರೆ ಸಾಲದು. ತುಮಕೂರು, ಬೆಂಗಳೂರಿನಲ್ಲಿ ವಿಜ್ಞಾನ ಓದುತ್ತಿರುವ ನೀವು ಭಾನುವಾರ ಎರಡು ಗಂಟೆ ಕೊಡಿ. ಅಪಧಮನಿಗೆ ಆರ್ಟರಿ ಎನ್ನುವಂಥ ಪದಗಳನ್ನು ಪಟ್ಟಿ ಮಾಡಿ ತನ್ನಿ. ಈ ಮಕ್ಕಳ ಜೊತೆ ಕೂತು ಹೇಳಿಕೊಡಿ. ಅಚ್ಚು ಹಾಕುವ ಖರ್ಚು ನನ್ನದು, ಕಾಗದವೂ ನನ್ನದೇ.

ಯಾರು ಬರುತ್ತೀರಿ? ಕೈ ಎತ್ತಿ!