ಒಂದೇ ಹೆಸರು, ಬೇರೆ ಬೇರೆ ಬಿಂಬ
(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ತಿಂಗಳು ತಿಂಗಳೂ ಹೆಚ್ಚು ಹಣ ತೆತ್ತು ಎಚ್‌ಡಿ ವಾಹಿನಿಗಳನ್ನು ಹಾಕಿಸಿಕೊಂಡ ಗೃಹಸ್ಥರು ನಮ್ಮಲ್ಲಿ ಅನೇಕರುಂಟು. ಆದರೆ ಒಂದು ವಾಹಿನಿಯಲ್ಲಿ ಮೈದಾನದ ಹುಲ್ಲೆಸಳು ಎಣಿಸುವಷ್ಟು ಸ್ಪಷ್ಟವಾಗಿರುವುದು; ಇನ್ನೊಂದರಲ್ಲಿ ಮನುಷ್ಯರ ಮುಖವೇ ಮೇಣ ಬಳಿದಂತೆ ಮಸುಕಾಗಿರುವುದು. ಎರಡರ ಮೂಲೆಯಲ್ಲಿಯೂ ಅದೇ ಎರಡಕ್ಷರ ಮುದ್ರಿತವಾಗಿದೆ. ಹೀಗೇಕೆ? ಕೊಟ್ಟ ಹಣಕ್ಕೆ ತಕ್ಕ ವಸ್ತು ದೊರೆಯುತ್ತಿದೆಯೇ? ನಾವು ಈ ವಿಷಯವನ್ನು ಕೊಂಚ ವಿಚಾರಿಸೋಣ.

ಪರದೆಯ ಚಿತ್ರವೆಲ್ಲ ಸಣ್ಣ ಬಿಂದುಗಳಿಂದಾದುದು. ನಮ್ಮ ದೇಶದ ಸಾಮಾನ್ಯ ವಾಹಿನಿಯ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576, ಅಂದರೆ ಒಟ್ಟು 4,14,720 ಬಿಂದುಗಳಿರುತ್ತವೆ. ಪೂರ್ಣ ಎಚ್‌ಡಿ ಚಿತ್ರದಲ್ಲಿ 1920ನ್ನು 1080ರಿಂದ ಗುಣಿಸಬೇಕು, 20,73,600 ಆಗುತ್ತದೆ. ಸರಿಯಾಗಿ ಐದು ಪಾಲು! ಆದರೆ 1280ಕ್ಕೆ 720 ಬಿಂದುಗಳ ಚಿತ್ರಕ್ಕೂ ಎಚ್‌ಡಿ ಎಂದೇ ಹೆಸರು. ಅಮೆರಿಕದಲ್ಲಿ ಎನ್‌ಬಿಸಿ, ಸಿಬಿಎಸ್ ಸಂಸ್ಥೆಗಳು ಮೊದಲನೆಯದನ್ನೂ ಎಬಿಸಿ, ಫಾಕ್ಸ್ ಸಂಸ್ಥೆಗಳು ಎರಡನೆಯದನ್ನೂ ಆರಿಸಿಕೊಂಡವು. ಆದುದರಿಂದ ಎಚ್‌ಡಿ ಎಂಬುದು ಪಾತ್ರೆಯ ಅಳತೆಯೇ ಹೊರತು ಅದರೊಳಗಿನ ಹಾಲಿನ ಗುಣವಲ್ಲ.

ಮೊದಲನೆಯ ಕಾರಣ ಮೂಲದಲ್ಲಿಯೇ ಇದೆ. ಹಿಂದೆ ಸಾಮಾನ್ಯ ವೀಡಿಯೋ ಟೇಪಿನಲ್ಲಿ ತೆಗೆದ ಧಾರಾವಾಹಿಯನ್ನು ಎಚ್‌ಡಿ ವಾಹಿನಿಯವರು ಹಿಗ್ಗಿಸಿ ತೋರಿಸಬಲ್ಲರು. ಇಲ್ಲದ ವಿವರವನ್ನು ಕ್ಯಾಮರಾ ಕಂಡಂತೆ ಮರಳಿ ತರಲಾರರು. ಆಶ್ಚರ್ಯವೆಂದರೆ, ಅದಕ್ಕಿಂತ ಹಳೆಯ ಚಲನಚಿತ್ರವು ಅದಕ್ಕಿಂತ ನಿಚ್ಚಳವಾಗಿ ಕಾಣಬಹುದು. ಅದು 35 ಮಿಲಿಮೀಟರ್ ಫಿಲ್ಮಿನಲ್ಲಿ ಅಚ್ಚಾಗಿದ್ದು, ಆ ಫಿಲ್ಮು ಕೆಡದೆ ಉಳಿದಿದ್ದರೆ, ಈಗಿನ ಯಂತ್ರದಿಂದ ಹೊಸದಾಗಿ ಪ್ರತಿ ತೆಗೆಯಬಹುದು. ಮೂಲವನ್ನು ಜೋಪಾನ ಮಾಡಿದವರಿಗೆ ಕಾಲವು ಕೊಡುವ ಬಹುಮಾನವಿದು.

ಎರಡನೆಯ ಕಾರಣ ಅಡಕ ಮಾಡುವ ಕ್ರಮ. ಸ್ಟುಡಿಯೋದೊಳಗೆ ಎಚ್‌ಡಿ ಚಿತ್ರವು ಸೆಕೆಂಡಿಗೆ ಸುಮಾರು 148 ಕೋಟಿ ಬಿಟ್‌ಗಳ ವೇಗದಲ್ಲಿ ಹರಿಯುತ್ತದೆ. ಅಷ್ಟನ್ನೂ ಉಪಗ್ರಹದ ಮೂಲಕ ಮನೆಮನೆಗೆ ಕಳುಹಿಸುವುದು ಅಸಾಧ್ಯ. ಹಲವು ವೇಳೆ ನಮಗೆ ತಲಪುವುದು ಒಂದು ಕೋಟಿಗಿಂತಲೂ ಕಡಮೆ. ಉಳಿದುದೇನಾಯಿತು? ಲೆಕ್ಕದ ಪುಸ್ತಕದಲ್ಲಿ ಅದೇ ಹೆಸರು ಮತ್ತೆ ಬಂದರೆ ಗುಮಾಸ್ತರು ‘ಸದರಿ’ ಎಂದು ಬರೆಯುವುದುಂಟಷ್ಟೆ. ಯಂತ್ರವೂ ಹಾಗೆಯೇ, ಹಿಂದಿನ ಚಿತ್ರದಿಂದ ಬದಲಾಗದ ಭಾಗಕ್ಕೆ ‘ಸದರಿ’ ಎನ್ನುತ್ತದೆ. ವಾರ್ತೆ ಓದುವವರು ಕುಳಿತಲ್ಲೇ ಇರುವುದರಿಂದ ಅಲ್ಲಿ ಉಳಿತಾಯ ಹೆಚ್ಚು. ಯಕ್ಷಗಾನದ ವೇಷಧಾರಿ ರಂಗದಲ್ಲಿ ಗಿರಕಿ ಹೊಡೆಯುವಾಗ ಎಲ್ಲವೂ ಕ್ಷಣಕ್ಷಣಕ್ಕೆ ಬದಲಾಗುತ್ತದೆ. ‘ಸದರಿ’ ಎನ್ನಲು ಏನೂ ಉಳಿಯದು. ಆಗ ಬಿಟ್‌ಗಳು ಸಾಲದಿದ್ದರೆ ಯಂತ್ರವು ಸೂಕ್ಷ್ಮ ವಿವರಗಳನ್ನು ಕೈಬಿಡುತ್ತದೆ. ಚಿತ್ರದಲ್ಲಿ ಚೌಕಚೌಕವಾದ ಕಲೆಗಳು ಮೂಡುತ್ತವೆ.

ಈ ಬಿಟ್‌ಗಳ ಪಾಲಿನಲ್ಲಿಯೇ ವಾಹಿನಿಗಳ ಅಂತರವಿದೆ. ಉಪಗ್ರಹದ ಒಂದು ಪಥದಲ್ಲಿ ಹಲವು ವಾಹಿನಿಗಳು ಜತೆಯಾಗಿ ಸಾಗುತ್ತವೆ. ಜಾಗಕ್ಕೆ ಬಾಡಿಗೆಯುಂಟು, ಹೆಚ್ಚು ವಾಹಿನಿಗಳನ್ನು ತುಂಬಿದಷ್ಟೂ ಒಂದೊಂದರ ಪಾಲು ಕುಗ್ಗುವುದು. ಅಡಕದ ವಿಧಾನವೂ ಮುಖ್ಯ: 2003ರಲ್ಲಿ ಬಂದ ಎಚ್.264 ವಿಧಾನವು ಹಳೆಯ ಎಂಪೆಗ್-2ರ ಸುಮಾರು ಅರ್ಧದಷ್ಟು ಬಿಟ್‌ಗಳಲ್ಲಿ ಅಷ್ಟೇ ಸೊಗಸಾದ ಚಿತ್ರ ಕೊಡಬಲ್ಲದು. ಇನ್ನು, ವಾಹಿನಿಯವರು ಅಡಕಿಸಿದುದನ್ನು ವಿತರಕರು ಬಿಚ್ಚಿ ಮತ್ತೆ ಅಡಕಿಸಿದರೆ ನಕಲಿನ ನಕಲಿನಂತೆ ಸತ್ತ್ವ ಇಳಿಯುವುದು. ಒಂದೇ ವಾಹಿನಿಯು ಇಬ್ಬರು ವಿತರಕರಲ್ಲಿ ಬೇರೆ ಬೇರೆಯಾಗಿ ಕಾಣುವುದು ಇದರಿಂದಲೇ.

ಪೋಷಕರು ಹೊಸ ಟಿವಿಗೆ ಹಣ ಸುರಿಯುವ ಮೊದಲು ಕೆಲವು ಸಂಗತಿಗಳನ್ನು ಪರೀಕ್ಷಿಸತಕ್ಕುದು. ಸೆಟ್‌ಟಾಪ್ ಪೆಟ್ಟಿಗೆಯಿಂದ ಕೆಂಪು, ಬಿಳಿ, ಹಳದಿ ಬಣ್ಣದ ಮೂರು ತಂತಿಗಳು ಟಿವಿಗೆ ಹೋಗಿದ್ದರೆ ಅದರಲ್ಲಿ ಎಚ್‌ಡಿ ಚಿತ್ರವು ಹರಿಯದು. ಎಚ್‌ಡಿಎಂಐ ತಂತಿಯೇ ಬೇಕು. ತಟ್ಟೆ ಆಂಟೆನಾವನ್ನು ತಿರುಗಿಸಿ ಮಸುಕನ್ನು ಹೋಗಲಾಡಿಸಬಹುದೆಂಬ ನಂಬಿಕೆಯೂ ಸರಿಯಲ್ಲ. ಡಿಜಿಟಲ್ ಸಂಕೇತವು ದುರ್ಬಲವಾದರೆ ಚಿತ್ರವು ಒಡೆಯುವುದು, ನಿಲ್ಲುವುದು, ಮಾಸುವುದಿಲ್ಲ. ಇವೆಲ್ಲ ಸರಿಯಿದ್ದು, ಒಂದು ವಾಹಿನಿ ಮಾತ್ರ ಮಸುಕಾಗಿದ್ದರೆ ದೋಷವು ನಿಮ್ಮ ಟಿವಿಯದಲ್ಲ. ಆಗ ಅದರ ಸಾಮಾನ್ಯ ರೂಪವನ್ನೂ ಎಚ್‌ಡಿ ರೂಪವನ್ನೂ ಒಂದೇ ವೇಳೆಯಲ್ಲಿ ಬದಲಿಸಿ ಬದಲಿಸಿ ನೋಡಿರಿ. ಕಣ್ಣಿಗೆ ಭೇದ ಕಾಣದಿದ್ದಲ್ಲಿ ಆ ಹೆಚ್ಚಿನ ಹಣವನ್ನು ಉಳಿಸಿ ಮಕ್ಕಳಿಗೆ ನಾಲ್ಕು ಪುಸ್ತಕ ಕೊಳ್ಳಬಹುದು.

ವಿದ್ಯಾರ್ಥಿಗಳೇ, ನೀವು ಕಲಿತ ಗುಣಾಕಾರವೂ ಭಾಗಾಕಾರವೂ ಮನೆಯ ಇಂತಹ ಲೆಕ್ಕಕ್ಕೆ ಒದಗಬೇಕು. ಮೇಲಿನ ಮುದ್ರೆಯನ್ನು ಓದಿ ತೃಪ್ತರಾಗದೆ, ಒಳಗೇನಿದೆಯೆಂದು ಅಳೆದು ನೋಡುವ ಬುದ್ಧಿಯೇ ವಿದ್ಯೆಯ ಫಲ.