ಕ್ಲಚ್ ಕುಂತರೆ ಸಾಲಕ್ಕೆ ಓಡಬೇಡಿ
(ಆಲಮೇಲದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಲೆಯ ಮಾತು ದಿನಾ ಆಡ್ತೀವಿ. ಇವತ್ತು ಮಾಲು ಹೊರುವ ಹಳೆಯ ಪಿಕಪ್ ಗಾಡಿಯ ಮಾತು. ನಿಂಬೆ ತುಂಬಿ ವಿಜಯಪುರದ ಪೇಟೆಗೆ ಹೊರಟಾಗಲೇ ಕ್ಲಚ್ ಪೆಡಲ್ ತಳಕ್ಕೆ ಕುಂದರ್ತದ, ಗೇರ್ ಬೀಳೂದಿಲ್ಲ. "ಪ್ಲೇಟ್ ಹೋಗ್ಯಾದ, ಗೇರ್‌ಬಾಕ್ಸ್ ಇಳಿಸಬೇಕು" ಅಂತಾರ. ನಾವು ಮುಂಗಡಕ್ಕೆ ದಲಾಲರ ಕಡೆ ಓಡ್ತೀವಿ. ಆಮೇಲೆ ಅವರು ಹೇಳಿದ್ದೇ ಬೆಲೆ.

ಮೊದಲು ನೋಡ್ರಿ. ಎಂಜಿನ್ ಕೂಗಿದರೂ ಗಾಡಿ ಎಳೆಯದಿದ್ದರೆ, ಸುಟ್ಟ ವಾಸನೆ ಬಂದರೆ, ಪ್ಲೇಟಿನ ಮೇಲೆ ಸಂಶಯಪಡಿ. ಪೆಡಲ್ ಮೆತ್ತಗಾಗಿ, ಬಾನೆಟ್ ಒಳಗಿನ ಡಬ್ಬಿಯಲ್ಲಿ ಎಣ್ಣೆ ಇಳಿದಿದ್ದರೆ, ಸಿಲಿಂಡರ್ ನೋಡಿ. ಪೆಡಲಿನ ಮೇಲ್ಗಡೆ ಒದ್ದೆಯಿದ್ದರೆ ಮಾಸ್ಟರ್ ಸಿಲಿಂಡರ್. ಗೇರ್‌ಬಾಕ್ಸಿನ ಪಕ್ಕ ಒದ್ದೆಯಿದ್ದರೆ ಸ್ಲೇವ್ ಸಿಲಿಂಡರ್. ಸವೆದದ್ದು ಒಳಗಿನ ರಬ್ಬರ್. ಸ್ಲೇವ್ ಹೊರಗಡೆ ಇರುವ ಗಾಡಿಗೆ ಗೇರ್‌ಬಾಕ್ಸ್ ಇಳಿಸುವ ಕೆಲಸವೇ ಇಲ್ಲ. ಸಿಲಿಂಡರಿನೊಳಗೆ ಗೀರು ಬಿದ್ದಿದ್ದರೆ ಅದನ್ನೇ ಬದಲಿಸಿ, ಇಲ್ಲದಿದ್ದರೆ ರಬ್ಬರ್ ಕಿಟ್ ಸಾಕು. ಎರಡೂ ಒಂದೇ ವಯಸ್ಸಿನವಾದರೆ ಎರಡಕ್ಕೂ ಹಾಕಿಸ್ರಿ.

ಎಂಜಿನ್ ಆಯಿಲ್ ಮಾತ್ರ ಸುರಿಯಬೇಡಿ, ರಬ್ಬರ್ ಉಬ್ಬಿ ಕೆಡುತ್ತದೆ. ಮುಚ್ಚಳದ ಮೇಲೆ ಬರೆದಿರುವ ಬ್ರೇಕ್ ಆಯಿಲನ್ನೇ ಹಾಕಿ. ಅದು ತೇವ ಹೀರುತ್ತದೆ. ಹಿಂದೆ ಒಡೆದಿಟ್ಟ ಡಬ್ಬಿ ಬೇಡ. ಕೊನೆಗೆ ಗಾಳಿ ತೆಗೆಯಬೇಕು. ಒಬ್ಬರು ಪೆಡಲ್ ಒತ್ತಿ ಹಿಡೀರಿ, ಇನ್ನೊಬ್ಬರು ಸ್ಲೇವಿನ ನಿಪ್ಪಲ್ ಸಡಿಲಿಸಿ ಬಿಗೀರಿ, ಆಮೇಲೆಯೇ ಪೆಡಲ್ ಬಿಡ್ರಿ. ಗುಳ್ಳೆ ನಿಲ್ಲುವ ತನಕ ಹೀಗೇ ಮಾಡಿ, ಡಬ್ಬಿಯಲ್ಲಿ ಎಣ್ಣೆ ಬತ್ತದಂತೆ ನೋಡಿಕೊಳ್ಳಿ.

1980ರಲ್ಲಿ ನರಗುಂದ, ನವಲಗುಂದದ ರೈತರು ನೀರು ಬಾರದ ಹೊಲಕ್ಕೂ ಕರವೇ ಎಂದು ಸರ್ಕಾರವನ್ನೇ ಕೇಳಿದರು. ನಾವು ಗ್ಯಾರೇಜಿನಲ್ಲಿ ಒಂದು ಮಾತು ಕೇಳಲಾರೆವೇ? "ಬಿಚ್ಚಿದ ಹಳೆ ಸಾಮಾನು ನಮ್ಮ ಕೈಗೆ ಕೊಡ್ರಿ" ಅನ್ರಿ. ನೋಡಿ, ಆಮೇಲೆ ರೊಕ್ಕ ಎಣಿಸ್ರಿ.